ಪದಕ ಕಂಚಿನದೇ? ಮೊದಲು ಅದನ್ನು ನೋಡಿ

ನಮಸ್ಕಾರ,

ನಿಮ್ಮ ‘ಹೈಫಾದ ಹುಲಿಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಹಾಗೆಂದು ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ಐದನೇ ಪುಟದ ಮಧ್ಯೆ ನೀವು ಬರೆದು ಮುಂದೆ ಹೋಗಿಬಿಟ್ಟಿರುವ ನಾಲ್ಕು ಸಾಲು: ಮುತ್ತಜ್ಜಿಯ ಟ್ರಂಕಿನ ತಳದಲ್ಲಿ, ಮದುವೆ ಸೀರೆಯ ಕೆಳಗೆ ಒಂದು ಕಂಚಿನ ಪದಕವಿತ್ತು; ಒಂದು ಬದಿಯಲ್ಲಿ ರಾಜನ ಮುಖ, ಇನ್ನೊಂದು ಬದಿಯಲ್ಲಿ ಕುದುರೆಯ ಮೇಲೆ ಬೆತ್ತಲೆ ಮನುಷ್ಯ; ಆಕೆ ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಅಲ್ಲಿಂದ ಮುಂದಿನ ಪ್ಯಾರಾದಲ್ಲೇ ನಿಮ್ಮ ಮುತ್ತಾತ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆಪಡೆಯ ಸವಾರನಾಗಿ, ಭರ್ಜಿ ಹಿಡಿದು, ತುರ್ಕರ ವಶದಲ್ಲಿದ್ದ ಪ್ಯಾಲೆಸ್ಟೈನಿನ ಹೈಫಾ ಪಟ್ಟಣಕ್ಕೆ ನುಗ್ಗುತ್ತಾನೆ.

ಇಲ್ಲಿ ನಾನು ನಿಂತುಬಿಟ್ಟೆ. ನೀವು ವರ್ಣಿಸಿರುವುದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಆಯುಧ ಹಿಡಿದವರಿಗೆ ಅದನ್ನು ಬೆಳ್ಳಿಯಲ್ಲಿ ಕೊಟ್ಟರು. ಕಂಚಿನದು ಹೋದದ್ದು ಕೂಲಿ ಪಡೆಗಳಿಗೆ, ಸೇನೆಯ ಬೆನ್ನ ಹಿಂದೆ ದುಡಿದ ಜನಕ್ಕೆ: ಹೇಸರಗತ್ತೆ ಹೊಡೆಯುವವರು, ನೀರು ಹೊರುವವರು, ಕುದುರೆಗೆ ಹುಲ್ಲು ಹಾಕುವವರು, ಅಡುಗೆಯವರು, ಜಾಡಮಾಲಿಗಳು. ನೀವು ನೋಡಿದ್ದು ಕಪ್ಪುಗಟ್ಟಿದ ಬೆಳ್ಳಿಯೂ ಇರಬಹುದು. ಹಳೇ ಬೆಳ್ಳಿ ಹಾಗೆ ಮೋಸ ಮಾಡುತ್ತದೆ. ನಿಜವಾಗಿ ಕಂಚೇ ಆಗಿದ್ದರೆ ನಿಮ್ಮ ಮುತ್ತಾತ ಬಹುಶಃ ಭರ್ಜಿ ಹಿಡಿದವನಲ್ಲ. ಇದನ್ನು ಓದಿ ನಿಮಗೆ ನೋವಾಗಬಹುದು ಎಂದು ಗೊತ್ತು. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಆ ಮನುಷ್ಯನ ಕಥೆಯನ್ನು ಕನ್ನಡದಲ್ಲಿ ಯಾರೂ ಸರಿಯಾಗಿ ಬರೆದಿಲ್ಲ ಅನ್ನುವುದು ನನ್ನ ಬಹುಕಾಲದ ಕೊರಗು. ಆ ಯುದ್ಧಕ್ಕೆ ಭಾರತದಿಂದ ಸೇರಿಸಿಕೊಂಡವರು ಸುಮಾರು 14 ಲಕ್ಷ ಮಂದಿ. ಅವರಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನ ಇಂಥವರೇ, ಬಂದೂಕಿಲ್ಲದೆ ಹೋದವರು. ಲೆಕ್ಕದ ಪುಸ್ತಕದಲ್ಲಿ ಅವರಿದ್ದಾರೆ, ವೀರಗಾಥೆಗಳಲ್ಲಿ ಇಲ್ಲ. ನಿಮ್ಮ ಲೇಖನವೂ ಅವರನ್ನು ಹೊರಗೇ ನಿಲ್ಲಿಸಿದೆ. ಪ್ರಾಯಶಃ ನಿಮ್ಮ ಮುತ್ತಾತನನ್ನೂ.

ಹೈಫಾದ ಭಾಗಕ್ಕೆ ಬರುತ್ತೇನೆ. 1918ರ ಸೆಪ್ಟೆಂಬರ್ 23ರಂದು ಪಟ್ಟಣದೊಳಕ್ಕೆ ನುಗ್ಗುವುದರಲ್ಲಿ ಮುಂದಿದ್ದವರು ಜೋಧಪುರ ಲ್ಯಾನ್ಸರ್ಸ್. ಅವರ ಮೇಜರ್ ದಳಪತ್ ಸಿಂಗ್ ಸತ್ತದ್ದು ಅಲ್ಲೇ. ಮೈಸೂರಿನವರ ಪಾಲಿಗೆ ಬಂದದ್ದು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಬಾಯಿ ಮುಚ್ಚಿಸುವ ಕೆಲಸ. ಕಡಿದಾದ ಕಲ್ಲುಬೆಟ್ಟವನ್ನು ಕುದುರೆಗಳೊಂದಿಗೆ ಹತ್ತಿದ ಅವರಿಲ್ಲದಿದ್ದರೆ ಕೆಳಗಿನ ದಾಳಿ ನಡೆಯುತ್ತಿರಲಿಲ್ಲ. ಅವರ ಪಾಲನ್ನು ಹಿಗ್ಗಿಸುವ ಅಗತ್ಯವೇ ಇಲ್ಲ, ಇದ್ದದ್ದೇ ಸಾಕಷ್ಟಿದೆ. ಇನ್ನೊಂದು ತಪ್ಪು: ಮೈಸೂರು ಲ್ಯಾನ್ಸರ್ಸ್ ನೀವು ಬರೆದಂತೆ ‘ಬ್ರಿಟಿಷರ ರೆಜಿಮೆಂಟ್’ ಅಲ್ಲ. ಅದು ಮಹಾರಾಜರ ಪಡೆ, ಸಾಮ್ರಾಜ್ಯದ ಸೇವೆಗೆಂದು ಸಂಸ್ಥಾನ ಸಾಕಿದ್ದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕಸ್ತಂಭವಿದೆ. ಲೇಖನ ತಿದ್ದುವ ಮುನ್ನ ಒಮ್ಮೆ ಅದರ ಮುಂದೆ ಹೋಗಿ ನಿಲ್ಲಿ.

‘ಕನ್ನಡಿಗರು ಹುಟ್ಟಾ ವೀರರು, ರಕ್ತದಲ್ಲೇ ಯುದ್ಧವಿದೆ’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಈ ಮಾತು ನಿಮ್ಮದಲ್ಲ. 1857ರ ಬಂಡಾಯದಿಂದ ಹೆದರಿದ ಸರ್ಕಾರ ಸೇನೆಯನ್ನು ಹೊಸದಾಗಿ ಕಟ್ಟುವಾಗ ಬೆಳೆಸಿದ ಮಾತು. 1885ರಿಂದ 1893ರವರೆಗೆ ದಂಡನಾಯಕನಾಗಿದ್ದ ರಾಬರ್ಟ್ಸ್ ಅದನ್ನೇ ನೀತಿಯನ್ನಾಗಿ ಮಾಡಿದ: ಪಂಜಾಬಿನವರು, ಗೂರ್ಖಾಗಳು, ಪಠಾಣರು ಕಾದುವ ಜಾತಿ, ದಕ್ಷಿಣದವರು ಕೆಲಸಕ್ಕೆ ಬಾರದವರು. ಯಾವ ಮದರಾಸು ಸೇನೆಯ ಸಿಪಾಯಿಗಳನ್ನು ಜೊತೆಗಿಟ್ಟುಕೊಂಡು 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಮುರಿದರೋ, ಅದೇ ಸೇನೆಯ ಪಲ್ಟನ್‌ಗಳನ್ನು ನೂರು ವರ್ಷ ಕಳೆಯುವುದರೊಳಗೆ ಒಂದೊಂದಾಗಿ ಕಳಚಿಹಾಕತೊಡಗಿದರು. ರಕ್ತ ಬದಲಾಗಿರಲಿಲ್ಲ, ಯಾರನ್ನು ನಂಬಬೇಕು ಅನ್ನುವ ಸರ್ಕಾರದ ಲೆಕ್ಕ ಬದಲಾಗಿತ್ತು. ಆ ಲೆಕ್ಕದ ಗುರುತು ಇವತ್ತಿಗೂ ಅಳಿಸಿಲ್ಲ. ಜಾತಿ, ಪ್ರಾಂತ್ಯದ ಹೆಸರು ಹೊತ್ತ ರೆಜಿಮೆಂಟುಗಳು ಈಗಲೂ ಇವೆ. ಕೊಡಗಿನ ಬಗ್ಗೆ ಬರೆಯುವವರೂ ‘ಹುಟ್ಟಾ ಸೈನಿಕರು’ ಎಂದೇ ಶುರುಮಾಡುತ್ತಾರೆ. ಕಾರ್ಯಪ್ಪ, ತಿಮ್ಮಯ್ಯನವರಂಥವರ ದುಡಿಮೆ, ಬುದ್ಧಿಗಳನ್ನು ರಕ್ತದ ಖಾತೆಗೆ ಬರೆದುಬಿಟ್ಟರೆ ಅವರಿಗೇ ಅನ್ಯಾಯ. ಬ್ರಿಟಿಷರು ಹಚ್ಚಿದ ಚೀಟಿಯನ್ನು ನಾವೇ ಅಭಿಮಾನದಿಂದ ಎದೆಗೆ ಅಂಟಿಸಿಕೊಳ್ಳುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ದೊಡ್ಡ ಮಾತು. ‘ದೇಶಕ್ಕಾಗಿ ಪ್ರಾಣ ತೆತ್ತರು’ ಎಂದು ಹನ್ನೊಂದು ಕಡೆ ಬರೆದಿದ್ದೀರಿ. ಯಾವ ದೇಶ? 1914ರಲ್ಲಿ ಕಾಲಾಳು ಸಿಪಾಯಿಯ ತಿಂಗಳ ಸಂಬಳ 11 ರೂಪಾಯಿ. ಮಳೆ ಕೈಕೊಟ್ಟ ಊರಿನ ಎರಡನೇ ಮಗನಿಗೆ ಅದು ಎಷ್ಟು ದೊಡ್ಡದೆಂದು ನಿಮಗೆ ಗೊತ್ತಿರಬೇಕು. ಹಾಗಂತ ‘ಹೊಟ್ಟೆಪಾಡಿಗೆ ಹೋದ ಬಾಡಿಗೆ ಬಂಟರು’ ಎಂದು ತಳ್ಳಿಹಾಕುವುದೂ ಅಷ್ಟೇ ಸೋಮಾರಿತನ. ಇದಕ್ಕೆ ನಮ್ಮಲ್ಲೇ ಒಂದು ಹಳೆಯ ಮಾತಿದೆ, ಜೋಳವಾಳಿ. ಉಂಡ ಜೋಳದ ಋಣಕ್ಕೆ ಒಡೆಯನಿಗಾಗಿ ಕಾದುವುದು. ಸಿಪಾಯಿಗಳು ಅದನ್ನೇ ಉಪ್ಪಿನ ಋಣ ಅಂದರು. ಜೋಳ ಬೆಳೆದವನು ಸಿಪಾಯಿಯ ಅಪ್ಪನೇ, ಕಂದಾಯದ ರೂಪದಲ್ಲಿ ಅದನ್ನು ಒಯ್ದು ಸಂಬಳವೆಂದು ಹಿಂದಿರುಗಿಸಿದವನು ಒಡೆಯನೆನಿಸಿಕೊಂಡ. ಈ ಗಂಟಿನ ಮೇಲೆ ನಿಮ್ಮ ಲೇಖನ ನಿಲ್ಲಬೇಕು.

ಆ ಋಣಕ್ಕೂ ಎಲ್ಲೆ ಇತ್ತು. 1806ರ ಜುಲೈ 10ರಂದು ವೆಲ್ಲೂರು ಕೋಟೆಯಲ್ಲಿ ಸಿಪಾಯಿಗಳು ತಿರುಗಿಬಿದ್ದರು. ಹಣೆಯ ನಾಮ, ವಿಭೂತಿ ಅಳಿಸಿ, ಗಡ್ಡ ಬೋಳಿಸಿ, ಹೊಸ ರೀತಿಯ ರುಮಾಲು ತೊಡಿ ಎಂಬ ಅಪ್ಪಣೆ ಕಿಡಿಯಾಯಿತು. ಟಿಪ್ಪುವಿನ ಮಕ್ಕಳು ಅದೇ ಕೋಟೆಯಲ್ಲಿ ಸೆರೆಯಲ್ಲಿದ್ದರು. 1930ರ ಏಪ್ರಿಲ್‌ನಲ್ಲಿ ಪೇಶಾವರದಲ್ಲಿ ಚಂದ್ರಸಿಂಗ್ ಗಢವಾಲಿ ಮತ್ತವನ ಜೊತೆಗಾರರು ನಿರಾಯುಧ ಜನರ ಮೇಲೆ ಗುಂಡು ಹಾರಿಸಲು ಒಪ್ಪಲಿಲ್ಲ, ಜೈಲಿಗೆ ಹೋದರು. ಇವೆರಡರ ನಡುವೆ 1919ರ ಏಪ್ರಿಲ್ 13 ಇದೆ. ಜಲಿಯನ್‌ವಾಲಾ ಬಾಗ್‌ನಲ್ಲಿ ಅಪ್ಪಣೆ ಡಯರ್‌ನದು. 1,650 ಗುಂಡು ಹಾರಿಸಿದ 50 ಬಂದೂಕುಗಳ ಹಿಂದೆ ಇದ್ದವರಲ್ಲಿ ಒಬ್ಬನೂ ಬಿಳಿಯನಲ್ಲ. ಹೈಫಾ ನಡೆದು ಆಗ ಏಳು ತಿಂಗಳೂ ಆಗಿರಲಿಲ್ಲ. ನೀವು 1918ರಿಂದ ಒಂದೇ ನೆಗೆತಕ್ಕೆ 1947ಕ್ಕೆ ಹಾರಿ, ‘ಆ ತ್ಯಾಗದ ಫಲವೇ ಸ್ವಾತಂತ್ರ್ಯ’ ಎಂದು ಮುಗಿಸಿದ್ದೀರಿ. ಯುದ್ಧ ಮುಗಿದ ಮೇಲೆ ಮೊದಲು ಬಂದ ಫಲ ರೌಲತ್ ಕಾಯ್ದೆ, ಆಮೇಲೆ ಅಮೃತಸರ. ಅದನ್ನು ದಾಟಿ ಹೋಗಬೇಡಿ. ಕೆಲವರು ಯಾಕೆ ಬಂದೂಕು ಇಳಿಸಿದರು, ಹೆಚ್ಚಿನವರು ಯಾಕೆ ಇಳಿಸಲಿಲ್ಲ ಅನ್ನುವುದರ ಮುಂದೆ ನಿಮ್ಮ ಓದುಗ ಸ್ವಲ್ಪ ಹೊತ್ತು ಕೂರಲಿ. ಉತ್ತರ ನಿಮ್ಮ ಹತ್ತಿರ ಇಲ್ಲದಿದ್ದರೂ ಚಿಂತೆಯಿಲ್ಲ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ರಣರಂಗ’, ‘ಕೆಚ್ಚೆದೆ’, ‘ನೆತ್ತರ ಕೋಡಿ’ ಮೊದಲ ನಾಲ್ಕು ಪುಟ ತುಂಬಿವೆ. ಆ ನಾಲ್ಕು ಪುಟ ಪೂರ್ತಿ ಬಿಡಿ. ಟ್ರಂಕಿನಿಂದ ಶುರುಮಾಡಿ. ನೀವೇ ಕಂಡ, ನೀವೇ ಕೈಯಲ್ಲಿ ಹಿಡಿದ ವಸ್ತುವಿನ ಬಗ್ಗೆ ಬರೆಯುವಾಗ ನಿಮ್ಮ ಕನ್ನಡ ತಾನಾಗಿ ತಿಳಿಯಾಗಿದೆ.

ಈ ವಾರ ಮಾಡಬೇಕಾದದ್ದು ಇಷ್ಟು. ಪದಕವನ್ನು ಹೊರಗೆ ತೆಗೆಯಿರಿ, ಉಜ್ಜಿ ತೊಳೆಯಬೇಡಿ. ಅದರ ಅಂಚಿನ ಸುತ್ತ ಸಣ್ಣ ಅಕ್ಷರದಲ್ಲಿ ನಂಬರು, ಹೆಸರು, ಪಡೆಯ ಹೆಸರು ಒತ್ತಿರುತ್ತಾರೆ. ಬೆಳಕಿಗೆ ಓರೆಯಾಗಿ ಹಿಡಿದು ಓದಿ, ಫೋಟೋ ತೆಗೆದು ನನಗೆ ಕಳಿಸಿ. ಆಮೇಲೆ ನಿಮ್ಮ ಸೋದರತ್ತೆಯ ಹತ್ತಿರ ಕೂತು ಕೇಳಿ. ಮುತ್ತಜ್ಜಿಯ ಜೊತೆ ಬಾಳಿದವರಲ್ಲಿ ಉಳಿದಿರುವವರು ಅವರೊಬ್ಬರೇ ಎಂದು ಬರೆದಿದ್ದೀರಿ. ಯುದ್ಧದ ಬಗ್ಗೆ ಕೇಳಬೇಡಿ. ಮುತ್ತಜ್ಜಿ ಆ ಪದಕವನ್ನು ಯಾಕೆ ಬಚ್ಚಿಟ್ಟಿದ್ದರು, ಮುತ್ತಾತ ಊರಿಗೆ ಬಂದ ಮೇಲೆ ಏನು ಕೆಲಸ ಮಾಡಿದ, ಪೆನ್ಷನ್ ಬರುತ್ತಿತ್ತೇ, ರಾತ್ರಿ ನಿದ್ದೆ ಮಾಡುತ್ತಿದ್ದನೇ, ಇಷ್ಟನ್ನು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಅಂಚಿನ ಫೋಟೋ ಬಂದ ದಿನವೇ ನಿಮಗೆ ಫೋನ್ ಮಾಡುತ್ತೇನೆ.

ಇಂತಿ,
ಸಂಪಾದಕ