ಅಮಾಟಾ ಪತಂಗ ಯಾವ ಕುಟುಂಬಕ್ಕೆ ಸೇರುತ್ತದೆ?

ಮಣಿಪಾಲದ ನಿಮ್ಮ ಮನೆಯಂಗಳದಲ್ಲಿ ಹಾಡುಹಗಲೇ ಹಾರಾಡುತ್ತಿದ್ದ, ಕಪ್ಪು ರೆಕ್ಕೆಗಳಲ್ಲಿ ಪಾರದರ್ಶಕ ಚುಕ್ಕೆಗಳಿದ್ದ ಪತಂಗವನ್ನು ಅಮಾಟಾ ಕುಲದ್ದೆಂದು ಗುರುತಿಸಿಕೊಂಡಿದ್ದೀರಿ. ಆದರೆ ಒಂದು ಪುಸ್ತಕ ಅದನ್ನು ಸಿಂಟೋಮಿಡೇ ಎಂದೂ, ಇನ್ನೊಂದು ಆರ್ಕ್ಟಿಯಿಡೇ ಎಂದೂ, ಈಚಿನ ಪಟ್ಟಿಗಳು ಎರೆಬಿಡೇ ಎಂದೂ ಹೇಳುವುದೇಕೆ ಎಂದು ಕೇಳಿದ್ದೀರಿ. ಈಗ ಬರೆಯಬೇಕಾದದ್ದು ಎರೆಬಿಡೇ ಕುಟುಂಬ, ಆರ್ಕ್ಟಿಯಿನೇ ಉಪಕುಟುಂಬ, ಸಿಂಟೋಮಿನಿ ಪಂಗಡ ಎಂದು. ನೋಡಿ, ಹಳೆಯ ಎರಡು ಹೆಸರುಗಳೂ ಅಳಿದಿಲ್ಲ; ದರ್ಜೆ ಇಳಿದು ಇದೇ ಸಾಲಿನಲ್ಲಿ ಉಳಿದುಕೊಂಡಿವೆ.

ಗೊಂದಲಕ್ಕೆ ಮೂಲ ಈ ಪತಂಗ ತೊಟ್ಟಿರುವ ಕಣಜದ ವೇಷ. ಹೊರನೋಟವನ್ನೇ ನಂಬಬೇಕಾಗಿದ್ದ ಕಾಲದಲ್ಲಿ ಜೀವಿಗಳ ವರ್ಗೀಕರಣಕ್ಕೆ ತಳಹದಿ ಹಾಕಿದ ಲಿನೇಯಸ್ 1758ರಲ್ಲಿ ಯುರೋಪಿನ ಫೀಜಿಯಾ ಪ್ರಭೇದವನ್ನು ಸ್ಫಿಂಕ್ಸ್ ಎಂಬ ಪತಂಗ ಕುಲದಲ್ಲಿಟ್ಟರು; ಕೀಟತಜ್ಞ ಫ್ಯಾಬ್ರೀಷಿಯಸ್ 1781ರಲ್ಲಿ, ಶ್ರೀಗಂಧದ ಎಲೆ ತಿನ್ನುವ ನಮ್ಮ ದಕ್ಷಿಣ ಭಾರತದ ಪಸ್ಸಾಲಿಸ್ ಪ್ರಭೇದವನ್ನು ಹಗಲಲ್ಲೇ ಹಾರುವ ಇನ್ನೊಂದು ಪತಂಗ ಕುಲವಾದ ಝೈಗೀನಾಕ್ಕೆ ಸೇರಿಸಿದರು. ಅದೇ ಫ್ಯಾಬ್ರೀಷಿಯಸ್ 1807ರಲ್ಲಿ ಅಮಾಟಾ ಕುಲವನ್ನು ಸ್ಥಾಪಿಸಿದರೆ, ಮರುವರ್ಷವೇ ಓಕ್ಸೆನ್‌ಹೈಮರ್ ಸಿಂಟೋಮಿಸ್ ಎಂಬ ಹೆಸರು ಕೊಟ್ಟರು. ಮೊದಲು ಬಂದ ಹೆಸರಿಗೇ ಆದ್ಯತೆಯಾದ್ದರಿಂದ ಅಮಾಟಾ ನಿಂತಿತು, ಆದರೂ ಫೀಜಿಯಾದಂಥ ಪ್ರಭೇದಗಳಿಗೆ ಸಿಂಟೋಮಿಸ್ ಎಂದೇ ಬರೆಯುವವರು ಇದ್ದಾರೆ. 1892ರಲ್ಲಿ ಬ್ರಿಟಿಷ್ ಇಂಡಿಯಾದ ಪತಂಗಗಳ ಸಂಪುಟ ಬರೆದ ಹ್ಯಾಂಪ್ಸನ್ ಇವುಗಳಿಗೆ ಸಿಂಟೋಮಿಡೇ ಎಂಬ ಸ್ವತಂತ್ರ ಕುಟುಂಬವನ್ನೇ ಕೊಟ್ಟಿದ್ದರು.

ಝೈಗೀನಾದೊಂದಿಗೆ ನಂಟಿಲ್ಲವೆಂಬುದು ಸ್ಪಷ್ಟ, ಏಕೆಂದರೆ ಎದೆಯ ಹಿಂಭಾಗದಲ್ಲಿ ಕಿವಿಯಿರುವುದು ಅಮಾಟಾ ಸೇರಿರುವ ನಾಕ್ಟುಯಿಡಿಯಾ ಬಳಗದ ಲಕ್ಷಣ. ಝೈಗೀನಾ ಆ ಬಳಗದ್ದಲ್ಲ. ನಿರ್ಣಾಯಕ ಬದಲಾವಣೆ ಬಂದದ್ದು ರೆಜಾ ಜಹಿರಿ ಮತ್ತು ಸಂಗಡಿಗರು ಎಂಟು ಜೀನುಗಳನ್ನು ಹೋಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಆ ಹೊತ್ತಿಗೆ ಅಮಾಟಾವನ್ನು ಸೇರಿಸಿಕೊಂಡಿದ್ದ ಆರ್ಕ್ಟಿಯಿಡೇ ಎಂಬುದು ಎರೆಬಿಡೇ ವಂಶದೊಳಗಿನದೇ ಒಂದು ಕವಲೆಂದು ಅದು ತೋರಿಸಿತು. ತರವಾಡು ಮನೆಯಿಂದ ಹೊರಟು ಬೇರೆ ಒಲೆ ಹೂಡಿದವರನ್ನು ವಂಶವೃಕ್ಷದಿಂದ ತೆಗೆದುಹಾಕಲಾಗದಷ್ಟೆ. ವರ್ಗೀಕರಣ ರೂಪವನ್ನಲ್ಲ, ವಂಶವನ್ನು ಹೇಳಬೇಕೆಂದು ಒಪ್ಪಿದರೆ ಈ ಬದಲಾವಣೆಯನ್ನೂ ಒಪ್ಪಲೇಬೇಕು. ನಾನಂತೂ ಮನಸಾರೆ ಒಪ್ಪುತ್ತೇನೆ.

ಪ್ರಭೇದದ ವಿಷಯದಲ್ಲಿ ಮಾತ್ರ ಅವಸರ ಬೇಡ. ರೆಕ್ಕೆಯ ಚುಕ್ಕೆಗಳ ಗಾತ್ರ ಒಂದೇ ಪ್ರಭೇದದೊಳಗೂ ಬದಲಾಗುತ್ತದೆ, ಹತ್ತಿರದ ಎರೆಸ್ಸಾ ಕುಲದ ಪತಂಗಗಳೂ ನೋಡಲು ಹೀಗೆಯೇ ಇರುತ್ತವೆ. ಉಡುಪಿಯ ಸುತ್ತ ನಾನು ಚಿತ್ರ ತೆಗೆಯುವಾಗ ಮೀಸೆ, ಹಿಂದಿನ ರೆಕ್ಕೆ, ಹೊಟ್ಟೆಯ ಹಳದಿ ಪಟ್ಟೆ ಮೂರೂ ಕಾಣುವಂತೆ ನೋಡಿಕೊಳ್ಳುತ್ತೇನೆ. ನಿಮ್ಮ ಚಿತ್ರದಲ್ಲಿ ಅವು ಸ್ಪಷ್ಟವಿಲ್ಲದಿದ್ದರೆ ಅಮಾಟಾ ಕುಲ ಎಂದಷ್ಟೇ ದಾಖಲಿಸಿ.