ಹಳೆ ವಿದ್ಯಾರ್ಥಿಗಳ ಫಾರ್ಮಿನಲ್ಲಿ ‘ಮೈಲಿಗಲ್ಲು’ ಕಾಲಂ ಖಾಲಿ ಬಿಡಲಾ?

ನಿಮ್ಮ ಪ್ರಶ್ನೆ ಓದಿದೆ. ಓದು ಮುಗಿಸಿ 18 ವರ್ಷ ಆಗಿದೆ. ಈಗ ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳ ಸಂಘದಿಂದ ಒಂದು ಫಾರ್ಮ್ ಬಂದಿದೆ. ಅದರಲ್ಲಿ ‘ವೈಯಕ್ತಿಕ ಮತ್ತು ವೃತ್ತಿ ಜೀವನದ ಮೈಲಿಗಲ್ಲುಗಳು’ ಅಂತ ಒಂದು ಕಾಲಂ. ‘ನನ್ನದು ಸಾಧಾರಣ ಬದುಕು. ಅವಾರ್ಡೂ ಇಲ್ಲ, ಫಾರಿನ್ನೂ ಇಲ್ಲ. ಆ ಕಾಲಂ ಖಾಲಿ ಬಿಡಲಾ?’ ಅಂತ ಕೇಳಿದ್ದೀರಿ.

ಬಿಡಬೇಡಿ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಅಂಥದ್ದೇ ಫಾರ್ಮ್ ಹಂಚಿ, ತುಂಬಿಸಿಕೊಂಡು, ಅಚ್ಚಿಗೆ ಕೊಟ್ಟವಳು ನಾನು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ನಮ್ಮದು 1996–98ರ ಸಸ್ಯಶಾಸ್ತ್ರ ಎಂಎಸ್ಸಿ ಬ್ಯಾಚ್. 25 ವರ್ಷ ತುಂಬಿದಾಗ ಎಲ್ಲರೂ ಸೇರೋಣ, ಒಂದು ಸಣ್ಣ ಸ್ಮರಣ ಸಂಚಿಕೆ ತರೋಣ ಅಂತಾಯಿತು. ಸುದ್ದಿ ಸೇರಿಸುವ ಕೆಲಸ ನನ್ನ ಪಾಲಿಗೆ ಬಂತು.

ಕ್ಲಾಸಿನಲ್ಲಿ ನಾವು 31 ಜನ. ಗೂಗಲ್ ಫಾರ್ಮ್ ಕಳಿಸಿ ಒಂದು ತಿಂಗಳು ಕಾದರೂ ತುಂಬಿದ್ದು ಒಂಬತ್ತೇ ಜನ. ಅವರೆಲ್ಲ ಚೆನ್ನಾಗಿಯೇ ಬರೆದಿದ್ದರು. ಜರ್ಮನಿಯಲ್ಲಿ ಪೋಸ್ಟ್‌ಡಾಕ್ ಮಾಡಿದವನು, ಅರಣ್ಯ ಇಲಾಖೆಯ ಅಧಿಕಾರಿ, ಔಷಧ ಕಂಪನಿಯಲ್ಲಿ ದೊಡ್ಡ ಹುದ್ದೆಯವಳು. ಉಳಿದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಹೆಚ್ಚುಕಮ್ಮಿ ಎಲ್ಲರ ಬಾಯಲ್ಲೂ ನಿಮ್ಮದೇ ಮಾತು. ‘ನಂದೇನಿದೆ ಬರೆಯೋಕೆ, ಬಿಡೇ.’

ಒಬ್ಬ ಕ್ಲಾಸ್‌ಮೇಟ್ ಬಗ್ಗೆ ಹೇಳುತ್ತೇನೆ. ಓದುವಾಗ ನಮ್ಮಲ್ಲಿ ಅವನೇ ಚುರುಕು. ಎಂಎಸ್ಸಿ ಆದಮೇಲೆ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ ಆದ, ಅಲ್ಲೇ ಉಳಿದ. ಅತಿಥಿ ಉಪನ್ಯಾಸಕರ ಪಾಡು ನಿಮಗೂ ಗೊತ್ತಿರಬಹುದು. ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ರಜೆಯ ತಿಂಗಳುಗಳಿಗೆ ದುಡ್ಡಿಲ್ಲ. 2022ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿತು. ಅಲ್ಲಿವರೆಗೆ ತಿಂಗಳಿಗೆ 11,000 ಇಲ್ಲವೇ 13,000 ರೂಪಾಯಿ ಇದ್ದದ್ದು, ವಿದ್ಯಾರ್ಹತೆ ಮತ್ತು ಸೇವೆ ನೋಡಿ 26,000ದಿಂದ 32,000 ಆಯಿತು. ಅಷ್ಟೊತ್ತಿಗೆ ಅವನು 20 ವರ್ಷ ಪಾಠ ಮಾಡಿಯಾಗಿತ್ತು.

‘ಹುದ್ದೆ ಅಂತ ಒಂದು ಕಾಲಂ ಇದೆಯಲ್ಲ, ಅಲ್ಲಿಗೇ ನಿಂತುಬಿಟ್ಟೆ ಕಣಮ್ಮ’ ಅಂದ. ಅವನ ದನಿ ಕೇಳಿ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹುದ್ದೆ ಬಿಡು. ಈ 20 ವರ್ಷದಲ್ಲಿ ನಿನಗೆ ತಾರೀಕು ಸಮೇತ ನೆನಪಿರೋದು ಏನು?’ ಅಂತ ಕೇಳಿದೆ.

ಅವನು ಯೋಚನೆಯನ್ನೇ ಮಾಡಲಿಲ್ಲ. ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಯೊಂದರಿಂದ ಬಂದ ಹುಡುಗಿ ಅವನ ಹತ್ತಿರ ಬಿಎಸ್ಸಿ ಓದಿದ್ದಳು. ಅವರ ಹಾಡಿಯಲ್ಲಿ ಪದವಿ ಮುಗಿಸಿದ ಮೊದಲ ಹುಡುಗಿ. ಮೊದಲ ವರ್ಷ ಪ್ರಾಕ್ಟಿಕಲ್ ರೆಕಾರ್ಡ್ ಕೊಳ್ಳಲು ಅವಳ ಹತ್ತಿರ ದುಡ್ಡಿರಲಿಲ್ಲ. ಇವನೇ ತಂದುಕೊಟ್ಟ. ಗಿಡಗಳ ಹೆಸರು ಅವಳಿಗೆ ಇವನಿಗಿಂತ ಜಾಸ್ತಿ ಗೊತ್ತಿತ್ತಂತೆ. ಹಾಡಿಯಲ್ಲಿ ಕರೆಯುವ ಹೆಸರು ಅವಳು ಹೇಳುವಳು, ಸಸ್ಯಶಾಸ್ತ್ರದ ಹೆಸರು ಇವನು ಬರೆಸುವನು. ಆಮೇಲೆ ಅವಳು ಬಿ.ಎಡ್. ಮಾಡಿದಳು. ಒಂದು ಆಗಸ್ಟಿನ ಸಂಜೆ ಫೋನ್ ಮಾಡಿ, ‘ಸರ್, ಲಿಸ್ಟಲ್ಲಿ ಹೆಸರು ಬಂತು’ ಅಂದಳಂತೆ. ಪ್ರೌಢಶಾಲೆ ಶಿಕ್ಷಕಿ ಆಗಿದ್ದಳು. ಇವನು ಆಗ ಬಸ್‌ಸ್ಟ್ಯಾಂಡಿನಲ್ಲಿದ್ದ. ಬಸ್ಸು ಬಂದು ಹೋದದ್ದೂ ಗೊತ್ತಾಗಲಿಲ್ಲ ಅಂದ.

‘ಇದನ್ನ ಬರಿ’ ಅಂದೆ. ‘ಇದು ಅವಳ ಮೈಲಿಗಲ್ಲು ಕಣಮ್ಮ, ನಂದಲ್ಲ’ ಅಂದ. ನಾನು ಬಿಡಲಿಲ್ಲ. ಕೊನೆಗೆ ಅವನು ಹೇಳುತ್ತಾ ಹೋದ, ನಾನು ಬರೆದುಕೊಂಡೆ. ಸಂಚಿಕೆ ಕೈಗೆ ಬಂದ ದಿನ ಎಲ್ಲರೂ ಮೊದಲು ಓದಿದ್ದು ಅದನ್ನೇ.

ಸಸ್ಯಶಾಸ್ತ್ರದವರಿಗೆ ಹರ್ಬೇರಿಯಂ ಅಂದರೆ ಗೊತ್ತಿರುತ್ತದೆ. ನಿಮಗಾಗಿ ಹೇಳುತ್ತೇನೆ. ಕಾಡಿಗೆ ಹೋಗಿ ಗಿಡದ ಟೊಂಗೆಯನ್ನು ಹೂವು, ಕಾಯಿ ಸಮೇತ ತರುತ್ತೇವೆ. ಹಳೆ ಪೇಪರುಗಳ ನಡುವೆ ಇಟ್ಟು ಒತ್ತುತ್ತೇವೆ. ದಿನಾ ಪೇಪರು ಬದಲಾಯಿಸಬೇಕು, ಇಲ್ಲದಿದ್ದರೆ ಬೂಸ್ಟು ಬರುತ್ತದೆ. ಒಣಗಿದ ಮೇಲೆ ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ದಪ್ಪ ಹಾಳೆಗೆ ಹೊಲಿದು ಅಂಟಿಸುತ್ತೇವೆ. ಕೆಳಗೆ ಬಲಗಡೆ ಮೂಲೆಯಲ್ಲಿ ಒಂದು ಚೀಟಿ. ಗಿಡದ ಹೆಸರು, ಕುಟುಂಬ, ಸಿಕ್ಕಿದ ಊರು, ಎಂಥ ಜಾಗ, ತಾರೀಕು, ತಂದವರ ಹೆಸರು.

ಬಾಬಾಬುಡನ್‌ಗಿರಿಗೆ ಟೂರ್ ಹೋಗಿ ಬಂದು ನಾನೊಂದು ಹಾಳೆ ಮಾಡಿದ್ದೆ. ಗಿಡ ಬಹಳ ಚೆನ್ನಾಗಿ ಕೂತಿತ್ತು, ಹೂವಿನ ಬಣ್ಣ ಕೂಡ ಹೋಗಿರಲಿಲ್ಲ. ಆದರೆ ಚೀಟಿಯಲ್ಲಿ ತಾರೀಕು, ಜಾಗ ಬರೆದಿರಲಿಲ್ಲ. ನಮ್ಮ ಮೇಷ್ಟ್ರು ನೋಡಿ, ‘ಊರು, ತಾರೀಕು ಇಲ್ಲದಿದ್ದರೆ ಇದು ಒಣಹುಲ್ಲು ಕಣಮ್ಮ’ ಅಂದು ವಾಪಸ್ ಕೊಟ್ಟರು. ಆಗ ಅಳು ಬಂದಿತ್ತು. ಅವರ ಮಾತಿನ ತೂಕ ಆಮೇಲೆ ತಿಳಿಯಿತು. ನೂರು ವರ್ಷದ ಹಿಂದಿನ ಹಾಳೆಗಳನ್ನು ಇವತ್ತು ಸಂಶೋಧಕರು ತೆಗೆದು ನೋಡುತ್ತಾರೆ. ಆಗ ಈ ಮರ ಯಾವ ತಿಂಗಳಲ್ಲಿ ಹೂ ಬಿಡುತ್ತಿತ್ತು, ಈಗ ಎಷ್ಟು ಮುಂಚೆ ಬಿಡುತ್ತಿದೆ ಅಂತ ಲೆಕ್ಕ ಹಾಕುತ್ತಾರೆ. ಮೂಲೆಯ ಚೀಟಿ ಇಲ್ಲದಿದ್ದರೆ ಅದು ಆಗದ ಕೆಲಸ. ಸಂಪಿಗೆ ಮರವೇ ಆಗಲಿ, ಬೇಲಿಯ ಮೇಲಿನ ಕಳೆಯೇ ಆಗಲಿ, ಚೀಟಿ ಬರೆಯುವ ಕ್ರಮ ಒಂದೇ.

ನಿಮ್ಮ ಕಾಲಂ ಕೂಡ ಹಾಗೇ ತುಂಬಿ. ‘ಶಿಕ್ಷಣ ಕ್ಷೇತ್ರದಲ್ಲಿ ಸೇವೆ ಸಲ್ಲಿಸುತ್ತಿದ್ದೇನೆ’ ಅಂತ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಯಾವ ಊರು, ಯಾವ ವರ್ಷ, ಜೊತೆಗೆ ಯಾರಿದ್ದರು ಅಂತ ಬರೆಯಿರಿ. ನಾನು ನನ್ನ ಬಗ್ಗೆ ಕೊಟ್ಟದ್ದು ಹೀಗಿತ್ತು:

‘2001ರ ಜುಲೈ, ಅರಸೀಕೆರೆಯ ಖಾಸಗಿ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಶುರು. ಮೊದಲ ಸಂಬಳ 1,800 ರೂಪಾಯಿ. ಅದರಲ್ಲಿ ಅಮ್ಮನಿಗೆ ಒಂದು ಸೀರೆ, ತಮ್ಮನಿಗೆ ಕ್ಯಾಲ್ಕುಲೇಟರ್. 2003ರಲ್ಲಿ ಮದುವೆ. 2006ರಲ್ಲಿ ಮಗಳು. ಆಮೇಲೆ ಎರಡು ವರ್ಷ ಕೆಲಸಕ್ಕೆ ಹೋಗಲಿಲ್ಲ. 2008ರಲ್ಲಿ ಸರ್ಕಾರಿ ಪಿಯು ಉಪನ್ಯಾಸಕಿ. ಅಪ್ಪ ಆರ್ಡರ್ ಕಾಪಿಯನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದರು, ಆ ಕಲೆ ಇನ್ನೂ ಇದೆ. 2014ರಲ್ಲಿ ಅಪ್ಪ ಹೋದರು. ಈಗ ಕಾಲೇಜಿನ ಹಿಂದೆ ಒಂದು ಸಣ್ಣ ಔಷಧಿ ಗಿಡಗಳ ತೋಟ. ಗಿಡಕ್ಕೆ ಬೋರ್ಡ್ ಬರೆಯುವುದು ಮಕ್ಕಳೇ.’

ಇಷ್ಟೇ. ಅವಾರ್ಡ್ ನನಗೂ ಇಲ್ಲ.

ಹೆಸರಾದವರ ಚೀಟಿಯನ್ನೇ ಬಿಡಿಸಿ ನೋಡಿ. ಆರ್.ಕೆ. ನಾರಾಯಣ್ ನಮ್ಮ ಮೈಸೂರಿನ ಮಹಾರಾಜ ಕಾಲೇಜಿನ ಹಳೆ ವಿದ್ಯಾರ್ಥಿ. ಕಾಲೇಜು ಸೇರುವ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾಗಿ ಒಂದು ವರ್ಷ ಮನೆಯಲ್ಲಿದ್ದರು. ಬಿಎ ಮುಗಿಸಲು ಬೇರೆಯವರಿಗಿಂತ ಒಂದು ವರ್ಷ ಜಾಸ್ತಿ ಹಿಡಿಯಿತು, ಪದವಿ ಬಂದದ್ದು 1930ರಲ್ಲಿ. ಮೊದಲ ಕಾದಂಬರಿ 1935ರಲ್ಲಿ. 1939ರಲ್ಲಿ ಟೈಫಾಯ್ಡ್ ಬಂದು ಹೆಂಡತಿ ತೀರಿಕೊಂಡರು, ಚಿಕ್ಕ ಮಗಳನ್ನು ಬಿಟ್ಟು. ಆಮೇಲೆ ಅವರು ಬರೆದದ್ದನ್ನು ಓದುವಾಗ ಆ 1939 ಗೊತ್ತಿದ್ದರೆ ಓದುವ ರೀತಿಯೇ ಬೇರೆ. ಬರೀ ಪ್ರಶಸ್ತಿಗಳ ಪಟ್ಟಿ ಕೊಟ್ಟಿದ್ದರೆ ಅದು ಸಿಗುತ್ತಿತ್ತಾ?

ಇನ್ನೊಬ್ಬರು ಬಿ.ಜಿ.ಎಲ್. ಸ್ವಾಮಿ. ಸಸ್ಯಶಾಸ್ತ್ರದವರು ಅವರನ್ನು ನೆನೆಯದೆ ಮಾತು ಮುಗಿಸುವುದಿಲ್ಲ. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಆಗುವವರೆಗೂ ಆ ಕಾಲೇಜು ಮೈಸೂರು ವಿಶ್ವವಿದ್ಯಾಲಯಕ್ಕೇ ಸೇರಿತ್ತು, ಹಾಗಾಗಿ ಅವರು ನಮ್ಮವರೇ. ಹಾರ್ವರ್ಡ್‌ಗೆ ಹೋಗಿ ಪ್ರೊಫೆಸರ್ ಇರ್ವಿಂಗ್ ಬೈಲಿ ಅವರ ಹತ್ತಿರ ಸಂಶೋಧನೆ ಮಾಡಿದರು. ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರು, ಪ್ರಿನ್ಸಿಪಾಲರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಅದೂ ವಿದ್ಯಾರ್ಥಿಗಳ ಜೊತೆ ಗಿಡ ಹುಡುಕುತ್ತಾ ಕಾಡು ಸುತ್ತಿದ ಕಥೆಗೆ. ಆದರೆ ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆ. ತಾವು ಗುರುತಿಸಿದ ಹೊಸ ಸಸ್ಯಗಳಲ್ಲಿ ಒಂದಕ್ಕೆ ಅವರು ‘ಸಾರ್ಕಾಂಡ್ರ ಇರ್ವಿಂಗ್‌ಬೈಲಿ’ ಅಂತ ಹೆಸರಿಟ್ಟರು. ಇನ್ನೊಂದಕ್ಕೆ ಸಸ್ಯವಿಜ್ಞಾನಿ ಪಂಚಾನನ ಮಾಹೇಶ್ವರಿ ಅವರ ಗೌರವಕ್ಕೆ ‘ಅಸ್ಕರಿನ ಮಾಹೇಶ್ವರಿ’ ಅಂತ. ಗುರುಗಳ ಹೆಸರನ್ನು ಗಿಡಕ್ಕೆ ಕಟ್ಟಿದರು. ನಿಮ್ಮ ಕಾಲಂನಲ್ಲೂ ಒಬ್ಬ ಗುರುವಿನ ಹೆಸರಿಗೆ ಜಾಗ ಇರಲಿ.

ಇನ್ನು ಫಾರ್ಮ್ ಯಾಕೆ ಬರುತ್ತದೆ ಅನ್ನುವುದು. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆ ವಿದ್ಯಾರ್ಥಿಗಳು ಸಂಸ್ಥೆಯ ಜೊತೆ ಎಷ್ಟು ಸಂಪರ್ಕದಲ್ಲಿದ್ದಾರೆ ಅನ್ನುವುದಕ್ಕೂ ಅಂಕ ಇದೆ. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಕೆಲಸ ಸಿಕ್ಕವರ ಸಂಬಳ ಕೇಳುತ್ತಾರೆ. ಅದಕ್ಕೇ ಕಂಪನಿ, ಹುದ್ದೆ, ಸಂಬಳ ಅಂತೆಲ್ಲ ಕಾಲಂ. ಸಂಬಳ ಹೇಳಲು ಮನಸ್ಸಿಲ್ಲದಿದ್ದರೆ ಅದೊಂದನ್ನು ಬಿಡಿ, ಯಾರೂ ಏನೂ ಅನ್ನುವುದಿಲ್ಲ. ಆದರೆ ಆ ಫಾರ್ಮಿನ ಕೆಲಸ ನ್ಯಾಕ್‌ನವರು ಬಂದು ಹೋದಮೇಲೆ ಮುಗಿಯುವುದಿಲ್ಲ. ನಿಮ್ಮ ವಿಭಾಗದಲ್ಲೇ ಈಗ ಓದುತ್ತಿರುವ ಹುಡುಗಿ ಅದನ್ನು ನೋಡುತ್ತಾಳೆ. ಈ ಡಿಗ್ರಿ ಮಾಡಿದರೆ ಮುಂದೆ ಏನು ಅಂತ ಅವಳಿಗೆ ಭಯ ಇರುತ್ತದೆ. ಜರ್ಮನಿಯ ಪೋಸ್ಟ್‌ಡಾಕ್ ಒಬ್ಬನದೇ ಕಥೆ ಓದಿದರೆ ಅವಳ ಭಯ ಹೋಗುವುದಿಲ್ಲ. ಎರಡು ವರ್ಷ ಕೆಲಸ ಬಿಟ್ಟು, ಮತ್ತೆ ಸೇರಿದವಳ ಕಥೆಯೂ ಅಲ್ಲಿರಬೇಕು, ಅಲ್ವಾ?

ಒಬ್ಬಳು ಗೆಳತಿ ಪಿಎಚ್‌ಡಿಗೆ ಸೇರಿ ನಾಲ್ಕನೇ ವರ್ಷದಲ್ಲಿ ಬಿಟ್ಟಿದ್ದಳು. ಅತ್ತೆಗೆ ಪಾರ್ಶ್ವವಾಯು ಆಗಿತ್ತು. ಈಗ ಹುಣಸೂರು ರಸ್ತೆಯಲ್ಲಿ ನರ್ಸರಿ ಇಟ್ಟಿದ್ದಾಳೆ. ಬಿಟ್ಟದ್ದನ್ನೂ ಬರಿ ಅಂದೆ, ಬರೆದಳು. ನಾನು ಹೋಗಿ ನೋಡಿದೆ. ಹೊನ್ನೆ, ನೇರಳೆ, ಮತ್ತಿ, ಬಿಲ್ವ, ಎಲ್ಲ ಸಸಿಯ ಕಪ್ಪು ಪ್ಲಾಸ್ಟಿಕ್ ಚೀಲಕ್ಕೂ ಬಿಳಿ ಪೇಂಟಿನಲ್ಲಿ ಕನ್ನಡ ಹೆಸರು, ಕೆಳಗೆ ಸಸ್ಯಶಾಸ್ತ್ರದ ಹೆಸರು. ಓದುವಾಗಿನ ಅದೇ ದುಂಡು ಅಕ್ಷರ.

ಹೆಣ್ಣುಮಕ್ಕಳಿಗೆ ಒಂದು ಮುಖ್ಯ ಮಾತು. ಆಗ ರಿಜಿಸ್ಟರಿನಲ್ಲಿದ್ದ ಹೆಸರನ್ನೇ ಮೊದಲು ಬರೆಯಿರಿ. ನಮ್ಮ ಕ್ಲಾಸಿನಲ್ಲಿ 17 ಹುಡುಗಿಯರು. ಮದುವೆಯಾದ ಮೇಲೆ ಇನಿಷಿಯಲ್ ಬದಲಾಯಿತು, ಊರು ಬದಲಾಯಿತು, ಕೆಲವರ ಹೆಸರೇ ಬದಲಾಯಿತು. ಆರು ಜನರನ್ನು ಹುಡುಕಲು ನಾಲ್ಕು ತಿಂಗಳು ಹಿಡಿಯಿತು. ಒಬ್ಬಳು ನಮ್ಮದೇ ಜಿಲ್ಲೆಯಲ್ಲಿ, ನನ್ನ ಮನೆಯಿಂದ 30 ಕಿಲೋಮೀಟರ್ ದೂರದಲ್ಲಿ ಇದ್ದಳು. 25 ವರ್ಷ ನನಗೆ ಗೊತ್ತಿರಲಿಲ್ಲ.

ಒಬ್ಬನ ಕಾಲಂ ಮಾತ್ರ ನಾವೇ ತುಂಬಬೇಕಾಯಿತು. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ ಅವನು ಹೋದ. ಅವನ ಹೆಂಡತಿಗೆ ಫೋನ್ ಮಾಡಲು ನನಗೆ ಎರಡು ವಾರ ಧೈರ್ಯ ಬರಲಿಲ್ಲ. ಮಾಡಿದಾಗ ಅವರು, ‘ಅಕ್ಕ, ಅವರ ಮೈಲಿಗಲ್ಲು ಏನು ಅಂತ ನನಗೆ ಗೊತ್ತಿಲ್ಲ. ಒಂದು ಪುಸ್ತಕ ಇದೆ, ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದರು, ಕಳಿಸ್ತೀನಿ’ ಅಂದರು. ಕೊರಿಯರ್‌ನಲ್ಲಿ ಬಂದದ್ದು ಅವನ ಎಂಎಸ್ಸಿ ರೆಕಾರ್ಡ್ ಬುಕ್. ಕಾಂಡದ ಅಡ್ಡಸೀಳು, ಬೇರಿನ ಅಡ್ಡಸೀಳು, ಎಲ್ಲ ಚೂಪು ಮಾಡಿದ ಪೆನ್ಸಿಲ್‌ನಲ್ಲಿ. ಒಂದೊಂದು ಜೀವಕೋಶವನ್ನೂ ಬಿಡಿಸಿದ್ದ. ಪ್ರತಿ ಪುಟದಲ್ಲೂ ಮೇಷ್ಟ್ರ ಕೆಂಪು ಸಹಿ, ತಾರೀಕು. ಒಂದು ಪುಟದಲ್ಲಿ ಸಹಿಯ ಪಕ್ಕ ‘ವೆರಿ ಗುಡ್’ ಅಂತಿತ್ತು. ಅವನು ಬೆಳೆದು ಏನೇನೋ ಕೆಲಸ ಮಾಡಿದ. ಆದರೆ ಆ ಪುಸ್ತಕವನ್ನು ಮನೆ ಬದಲಾಯಿಸಿದಾಗಲೆಲ್ಲ ಜೊತೆಗೆ ಕೊಂಡೊಯ್ದಿದ್ದ. ಆ ಪುಟವನ್ನು ಫೋಟೋ ತೆಗೆದು ಅವನ ಹೆಸರಿನ ಕೆಳಗೆ ಹಾಕಿದೆವು. ಅವನು ಇದ್ದಾಗ ಕೇಳಿದ್ದರೆ ಏನು ಬರೆಯುತ್ತಿದ್ದನೋ ಅಂತ ಈಗಲೂ ಅನ್ನಿಸುತ್ತದೆ.

ಹಾಗಾಗಿ ಈ ವಾರವೇ ಕೂತು ಬರೆಯಿರಿ. ಹತ್ತು ಸಾಲು ಸಾಕು. ಶುರು ಮಾಡುವುದು ಕಷ್ಟ ಅನ್ನಿಸಿದರೆ ಮೊದಲ ಸಂಬಳ ಎಷ್ಟು, ಅದರಲ್ಲಿ ಏನು ತಂದಿರಿ ಅನ್ನುವುದರಿಂದ ಶುರು ಮಾಡಿ. ಓದುವಾಗಿನ ಫೋಟೋ ಒಂದಿದ್ದರೆ ಜೊತೆಗೆ ಕಳಿಸಿ, ಹಿಂದೆ ಪೆನ್ಸಿಲ್‌ನಲ್ಲಿ ವರ್ಷ ಬರೆದು. ಕಳಿಸಿದ ಮೇಲೆ ಇಲ್ಲಿ ಒಂದು ಮಾತು ಹಾಕಿ. ನಿಮ್ಮ ಹತ್ತು ಸಾಲು ಓದಲು ನನಗೂ ಆಸೆ ಇದೆ.