ಬ್ಯಾಗ್ ಕಾಯುವ ಹುಡುಗ

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕುಟುಂಬ ದಾವಣಗೆರೆಯದು. ಹುಡುಗನಿಗೆ 12 ವರ್ಷ, ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲಿನ ಮೇಲೆ ಹಿಡಿತ ಕಡಿಮೆ. ವಾಕರ್ ಹಿಡಿದು ನಡೆಯುತ್ತಾನೆ. ಮಾತು ನಿಧಾನ, ಬುದ್ಧಿ ಚುರುಕು.

ತಾಯಿ ನನ್ನ ಹತ್ತಿರ ಸಲಹೆಗೆ ಬಂದದ್ದು ಅವನ ಸಿಟ್ಟಿನ ಬಗ್ಗೆ ಹೇಳಲು. “ಶನಿವಾರ ಬಂತಂದ್ರೆ ಹೊಟ್ಟೆನೋವು ಅಂತಾನೆ ಮೇಡಂ. ಮೊನ್ನೆ ತಮ್ಮನ ಬ್ಯಾಟ್ ಎತ್ತಿ ಮಹಡಿಯಿಂದ ಒಗೆದ. ಏನ್ ಮಾಡ್ಲಿ ಹೇಳ್ರಿ?”

ನಾನು ಅವನನ್ನೇ ಕೇಳಿದೆ. ತಾಯಿ ಉತ್ತರ ಹೇಳಲು ಹೋದರು, ಕೈಸನ್ನೆ ಮಾಡಿ ತಡೆದೆ. ಸ್ವಲ್ಪ ಹೊತ್ತು ಕಾಯಬೇಕಾಯಿತು. “ಶನಿವಾರ ಕವಾಯತು, ಆಟ. ನಾನು ಬ್ಯಾಗ್ ಕಾಯ್ತೀನಿ” ಎಂದ. ಮೂರು ವರ್ಷದಿಂದ ಅದೇ ಕೆಲಸ. ಈ ವರ್ಷ ಕ್ರಿಕೆಟ್ ಸ್ಕೋರ್ ಬರೆಯುವುದೂ ಸೇರಿದೆ.

ಶಾಲೆಯವರು ಕೆಟ್ಟವರಲ್ಲ. ಬಿದ್ದು ಪೆಟ್ಟಾದರೆ ಎಂಬ ಹೆದರಿಕೆ ಅವರಿಗೆ, ತಾಯಿಗೂ ಅದೇ. ಆದರೆ ಆ ಹೆದರಿಕೆಯ ಬೆಲೆಯನ್ನು ಹುಡುಗ ಒಬ್ಬನೇ ಕೊಡುತ್ತಿದ್ದ.

ಜೊತೆಗೆ ಅಜ್ಜಿಯೂ ಬಂದಿದ್ದರು, 68 ವರ್ಷ. “ನಂಗೂ ಮಂಡಿನೋವು ಅಂತ ಎಲ್ಲೂ ಬಿಡಲ್ಲ ಇವ್ರು” ಎಂದರು. ನನಗೆ ದಾರಿ ಕಂಡಿದ್ದು ಆಗಲೇ.

ಬೋಚಿಯಾ ಎಂಬ ಆಟದ ಬಗ್ಗೆ ಹೇಳಿದೆ. ಸೆರೆಬ್ರಲ್ ಪಾಲ್ಸಿ ಇರುವವರಿಗಾಗಿ ಬೆಳೆದ ಆಟ, 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಮೊದಲು ಒಂದು ಬಿಳಿ ಚೆಂಡು ಎಸೆಯುತ್ತಾರೆ. ಒಬ್ಬರಿಗೆ ಆರು ಕೆಂಪು, ಇನ್ನೊಬ್ಬರಿಗೆ ಆರು ನೀಲಿ. ಬಿಳಿ ಚೆಂಡಿಗೆ ಯಾರ ಚೆಂಡು ಎಲ್ಲಕ್ಕಿಂತ ಹತ್ತಿರ ಬೀಳುತ್ತೋ ಅವರಿಗೆ ಅಂಕ. ಕುರ್ಚಿಯಲ್ಲಿ ಕೂತೇ ಆಡಬಹುದು. ಕೈಲಾಗದಿದ್ದರೆ ಕಾಲಲ್ಲಿ ಒದೆಯಬಹುದು, ಹಲಗೆಯನ್ನು ಇಳಿಜಾರಾಗಿ ಇಟ್ಟು ಉರುಳಿಸಬಹುದು. ಹೊಸ ಚೆಂಡು ಬೇಕಿಲ್ಲ. ಹಳೇ ಕಾಲುಚೀಲಕ್ಕೆ ಮೆಕ್ಕೆಜೋಳ ತುಂಬಿ ಹೊಲಿದರೆ ಸಾಕು. ಅದು ದೂರ ಉರುಳಿ ಹೋಗುವುದೂ ಇಲ್ಲ. ಅಜ್ಜಿ ಮೊಮ್ಮಗ ದಿನಾ ಸಂಜೆ ಆಡಿ ಎಂದೆ. ತಮ್ಮನೂ ಕೂತೇ ಆಡಬೇಕು.

ಅಜ್ಜಿಗೆ ಇನ್ನೊಂದು ಮಾತು. ಮಂಡಿನೋವಿಗೆ ಸುಮ್ನೆ ಕೂತರೆ ಕಾಲಿನ ಶಕ್ತಿ ಇನ್ನೂ ಕುಗ್ಗುತ್ತೆ. 65 ದಾಟಿದವರು ಬೀಳದಿರಲು ವಾರಕ್ಕೆ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವೈದ್ಯರನ್ನು ಕೇಳಿ, ಭಾನುವಾರ ಕುಂದವಾಡ ಕೆರೆ ಏರಿಯ ಮೇಲೆ ಇಬ್ಬರೂ ಆದಷ್ಟು ನಡೆಯಿರಿ ಎಂದೆ.

ಶಾಲೆಯ ವಿಷಯದಲ್ಲಿ ಜಗಳ ಬೇಡ, ಕಾಗದ ಕೊಡಿ ಎಂದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ಪ್ರಕಾರ, ಮಾನ್ಯತೆ ಪಡೆದ ಶಾಲೆ ಆಟೋಟಕ್ಕೂ ಇತರರಷ್ಟೇ ಅವಕಾಶ ಕೊಡಬೇಕು. ಫಿಸಿಯೋಥೆರಪಿಸ್ಟ್ ಹತ್ತಿರ ಅವನು ಏನೇನು ಮಾಡಬಲ್ಲ ಎಂದು ಬರೆಸಿಕೊಳ್ಳಲು ಹೇಳಿದೆ. ಏನು ಆಗಲ್ಲ ಅನ್ನೋದು ಶಾಲೆಗೆ ಆಗಲೇ ಬಾಯಿಪಾಠ ಅಲ್ವಾ? ಹುಡುಗನಿಗೆ ಒಂದೇ ಕೆಲಸ ಕೊಟ್ಟೆ: ನಿನ್ನ ಕ್ರಿಕೆಟ್‌ಗೆ ನೀನೇ ನಿಯಮ ಬರೆದು ತಾ.

ಐದು ವಾರಕ್ಕೆ ಬಂದರು. ನಿಯಮ ಮೂರೇ ಇದ್ದವು. ಕುರ್ಚಿಯಲ್ಲಿ ಕೂತು ಬ್ಯಾಟಿಂಗ್, ಓಡಲು ಒಬ್ಬ ರನ್ನರ್, ಸ್ಕೋರ್ ಬರೆಯುವುದು ಸರದಿ ಮೇಲೆ. ಹುಡುಗರು ಒಪ್ಪಿದ್ದಾರೆ. ಒಮ್ಮೆ ಕುರ್ಚಿಯಿಂದ ಜಾರಿ ಮೊಣಕೈ ತರಚಿತ್ತು. ತಾಯಿ ಅದನ್ನು ಹೇಳುವಾಗ ಅತ್ತರು, ಆದರೆ ಮುಂದಿನ ಶನಿವಾರವೂ ಕಳಿಸಿದ್ದರು. ಕವಾಯತಿನಲ್ಲಿ ಅವನನ್ನು ಎಲ್ಲಿ ನಿಲ್ಲಿಸುವುದು ಎಂಬುದು ಇನ್ನೂ ತೀರ್ಮಾನ ಆಗಿಲ್ಲ. ಮುಂದಿನ ಭೇಟಿಗೆ ಪಿ.ಟಿ. ಮೇಷ್ಟ್ರನ್ನೂ ಕರೆದಿದ್ದೇನೆ.